ಮಧ್ಯಾಹ್ನ ಒಂದೂವರೆಗೆ ಬರುವ ಉಪಗ್ರಹ, ಸಂಜೆ ಆರಕ್ಕೆ ಹಚ್ಚುವ ಬೆಂಕಿ

ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಊರಿಗೆ ಹೋಗಿದ್ದೆ. ನಮ್ಮೂರು ಪಾಂಡವಪುರ ತಾಲ್ಲೂಕು, ವಿ.ಸಿ. ನಾಲೆಯ ಬಯಲು. ಅಣ್ಣ ಕಬ್ಬು ಕಡಿಸಿ ಲಾರಿ ತುಂಬಿಸಿ ನಾಲ್ಕು ದಿನವಾಗಿತ್ತು. ಗದ್ದೆ ತುಂಬ ಮೊಣಕಾಲೆತ್ತರ ತರಗು. ಹಸಿ ಸೋಗೆಯನ್ನು ದನಗಳಿಗೆ ಅಂತ ಊರವರು ಹೊತ್ತುಕೊಂಡು ಹೋಗಿದ್ದರು, ಒಣ ತರಗನ್ನು ಯಾವ ದನವೂ ಮೂಸುವುದಿಲ್ಲ. ಸಂಜೆ ಆರು ಗಂಟೆಗೆ, ಗಾಳಿ ನಿಂತ ಮೇಲೆ, ಅಣ್ಣ ಮೂಡಲ ಬದುವಿನ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕಡ್ಡಿ ಗೀರಿದ.

ಗಾಳಿ ನಿಂತ ಹೊತ್ತನ್ನೇ ಕಾಯುವುದು ಪಕ್ಕದವರ ಗದ್ದೆಗೆ ಕಿಡಿ ಹಾರಬಾರದು ಅಂತ. ಅದು ತಪ್ಪಲ್ಲ. ಆದರೆ ಗಾಳಿಯಿಲ್ಲದ ಚಳಿಗಾಲದ ಸಂಜೆ ಹೊಗೆ ಮೇಲಕ್ಕೂ ಹೋಗದು, ಆಚೆಗೂ ಹೋಗದು. ಹೊತ್ತು ಮುಳುಗುತ್ತಿದ್ದ ಹಾಗೆ ನೆಲ ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಅಲ್ಲೇ ಕೂರುತ್ತದೆ. ಹೊಗೆಯ ಮೇಲೆ ಮುಚ್ಚಳ ಬಿದ್ದ ಹಾಗೆ. ಏಳು ಗಂಟೆಗೆಲ್ಲ ಊರೊಳಗಿನ ಬೀದಿ ದೀಪಗಳು ಕೆಂಪಗೆ ಮಸುಕಾಗಿದ್ದವು.

ಅವ್ವನಿಗೆ ಎಪ್ಪತ್ತೆಂಟು. ಉಬ್ಬಸ ಇದೆ. ಜಗಲಿ ಮೇಲೆ ಕೂತು ಸೆರಗನ್ನು ಮೂಗಿಗೆ ಒತ್ತಿಕೊಂಡು ಒಂದೊಂದು ಉಸಿರಿಗೂ ಭುಜ ಎತ್ತಿ ಇಳಿಸುತ್ತಿದ್ದಳು. ಒಳಗೆ ಕರೆದುಕೊಂಡು ಹೋಗಿ ಕಿಟಕಿ ಮುಚ್ಚಿ ನೆಬ್ಯುಲೈಸರ್ ಹಾಕಿದೆವು. ಹೆಂಚಿನ ಮನೆ. ಕಿಟಕಿ ಮುಚ್ಚಿದರೆ ಹೆಂಚಿನ ಸಂದಿಯಲ್ಲಿ ಬರುತ್ತದೆ.

ಬೆಳಿಗ್ಗೆ ಎದ್ದಾಗ ಅಂಗಳದ ನೀರಿನ ಡ್ರಮ್ಮಿನಲ್ಲಿ ಕರಿ ಎಳೆಗಳು ತೇಲುತ್ತಿದ್ದವು. ಒಂದನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದೆ. ಕಬ್ಬಿನ ಗರಿಯ ಉದ್ದುದ್ದ ನರಗಳು ಸುಟ್ಟ ಮೇಲೂ ಹಾಗೇ ಕಾಣುತ್ತಿದ್ದವು, ಗೆರೆ ಎಳೆದ ಪುಸ್ತಕದ ಹಾಳೆಯಂತೆ. ಹೆಬ್ಬೆರಳು ತಾಗಿಸಿದ್ದೇ ತಡ, ಪುಡಿಯಾಗಿ ಬೆರಳಿನ ಗೆರೆಗಳೊಳಗೆ ಇಳಿದುಹೋಯಿತು. ಸೋಪು ಹಾಕಿ ತೊಳೆದರೂ ಪೂರ್ತಿ ಬಿಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮಗಳು ಹೇಳಿದಳು: "ಅಪ್ಪ, ಕಣ್ಣಿಗೆ ಕಾಣೋದು ಮೂಗಲ್ಲೇ ನಿಲ್ಲುತ್ತೆ. ಅಜ್ಜಿಗೆ ತೊಂದರೆ ಕೊಡೋದು ಕಾಣದೇ ಇರೋದು." ತಲೆಗೂದಲಿನ ದಪ್ಪದಲ್ಲಿ ಇಪ್ಪತ್ತರಲ್ಲಿ ಒಂದು ಭಾಗಕ್ಕಿಂತ ಸಣ್ಣ ಕಣ. ಪಿಎಂ 2.5 ಅಂತಾರಲ್ಲ, ಅದು. ಅದು ಶ್ವಾಸಕೋಶದ ತಳ ಮುಟ್ಟುತ್ತದೆ.

ಮಗಳು ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರ ಓದುತ್ತಿದ್ದಾಳೆ. ಈ ವರ್ಷದ ಪ್ರಾಜೆಕ್ಟಿಗೆ ಉಪಗ್ರಹದ ದತ್ತಾಂಶದಲ್ಲಿ ಗಾಳಿಯ ಕಣಗಳನ್ನು ನೋಡುವ ವಿಷಯ ತೆಗೆದುಕೊಂಡಿದ್ದಾಳೆ. ನಾನು ಮೈಸೂರಲ್ಲಿ ಫ್ರಿಡ್ಜ್, ಎಸಿ ರಿಪೇರಿ ಮಾಡುವವನು, ಮೂವತ್ತು ವರ್ಷದ ಮೇಲಾಯಿತು. ಅವಳು ಲ್ಯಾಪ್‌ಟಾಪ್ ತೆಗೆದಾಗೆಲ್ಲ ಪಕ್ಕದಲ್ಲಿ ಕೂರುತ್ತೇನೆ, ಕೇಳುತ್ತೇನೆ, ಅರ್ಥವಾಗುವ ತನಕ ಬಿಡುವುದಿಲ್ಲ. ಈ ಬರಹ ಹುಟ್ಟಿದ್ದು ಹಾಗೆ ಕೂತು.

ಅವತ್ತು ಮಧ್ಯಾಹ್ನ ಅವಳು ನಾಸಾದವರ ಬೆಂಕಿ ನಕ್ಷೆ ತೆಗೆದಳು. ಫರ್ಮ್ಸ್ ಅಂತ ಅದರ ಹೆಸರು, ಯಾರು ಬೇಕಾದರೂ ನೋಡಬಹುದು. ಭೂಮಿ ಮೇಲೆ ಬೆಂಕಿ ಉರಿಯುತ್ತಿರುವ ಕಡೆ ಕೆಂಪು ಚುಕ್ಕೆ ಬರುತ್ತದೆ. ಮಂಡ್ಯ ಜಿಲ್ಲೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ ಇತ್ತು. ನಮ್ಮ ಗದ್ದೆಯ ಮೇಲೆ ಇರಲಿಲ್ಲ.

"ಇಷ್ಟು ದೊಡ್ಡ ಬೆಂಕಿ ಕಾಣಲಿಲ್ವಾ?"

"ಕಾಣೋ ಹೊತ್ತಿಗೆ ಅವು ಇಲ್ಲಿರಲಿಲ್ಲ ಅಪ್ಪ."

ವಿಷಯ ಇಷ್ಟೇ. ಈ ಚುಕ್ಕೆಗಳನ್ನು ಹಾಕುವ ವಿರ್ಸ್ ಎಂಬ ಉಪಕರಣ ಮೂರು ಉಪಗ್ರಹಗಳ ಮೇಲಿದೆ: ಸುವೋಮಿ ಎನ್‌ಪಿಪಿ, ನೋವಾ-20, ನೋವಾ-21. 375 ಮೀಟರ್ ಚೌಕದಲ್ಲಿ ಬೆಂಕಿ ಗುರುತಿಸುವಷ್ಟು ಚುರುಕು ಅದಕ್ಕೆ. ಆದರೆ ಮೂರೂ ಧ್ರುವದಿಂದ ಧ್ರುವಕ್ಕೆ ಸುತ್ತುವಂಥವು. ನಮ್ಮ ತಲೆ ಮೇಲೆ ಬರುವುದು ಮಧ್ಯಾಹ್ನ ಒಂದೂವರೆ ಸುಮಾರಿಗೆ, ಆಮೇಲೆ ರಾತ್ರಿ ಒಂದೂವರೆ ಸುಮಾರಿಗೆ. ಅಣ್ಣ ಹಚ್ಚಿದ್ದು ಆರಕ್ಕೆ. ಒಂಬತ್ತಕ್ಕೆಲ್ಲ ಬೂದಿ. ಅವ್ವ ಉಸಿರಿಗೆ ಒದ್ದಾಡಿದ ಹೊತ್ತಿಗೆ ಆ ಮೂರು ಕಣ್ಣುಗಳೂ ಬೇರೆಲ್ಲೋ ಇದ್ದವು.

ನನಗೆ ಅದು ಬಹಳ ಬೇಸರ ತಂದಿತು. ಏಕೆಂದರೆ ಉಪಗ್ರಹಗಳ ಮೇಲೆ ನನಗೆ ದೊಡ್ಡ ನಂಬಿಕೆ. ಆ ನಂಬಿಕೆಗೆ ಕಾರಣ ನನ್ನ ಕಸುಬಿನಲ್ಲೇ ಇದೆ.

ಐಟಿಐ ಮುಗಿಸಿ 1993ರಲ್ಲಿ ಒಂದು ಅಂಗಡಿಗೆ ಸೇರಿದೆ. ಆಗ ಫ್ರಿಡ್ಜಿಗೆಲ್ಲ ಆರ್-12 ಗ್ಯಾಸು. ಕಂಪ್ರೆಸರ್ ಬದಲಾಯಿಸಬೇಕು, ಇಲ್ಲ ಕ್ಯಾಪಿಲರಿ ಕಟ್ಟಿಕೊಂಡಿದೆ ಅಂದರೆ ಮೊದಲ ಕೆಲಸ ಲೈನ್ ಕತ್ತರಿಸಿ ಗ್ಯಾಸ್ ಬಿಡುವುದು. "ಬಿಡು, ಖಾಲಿಯಾಗ್ಲಿ" ಅಂತ ಅಂಗಡಿಯವರು ಹೇಳಿಕೊಟ್ಟಿದ್ದೇ ಹಾಗೆ. ಸುಂಯ್ ಅಂತ ಸದ್ದು, ಪೈಪಿನ ಬಾಯಲ್ಲಿ ಬಿಳಿ ಹಿಮ ಕಟ್ಟುತ್ತಿತ್ತು, ಬೆರಳು ತಾಗಿದರೆ ಚುರುಕ್ ಅನ್ನುತ್ತಿತ್ತು. ವಾಸನೆಯಿಲ್ಲ, ಬಣ್ಣವಿಲ್ಲ, ಬೆಂಕಿ ಹಿಡಿಯುವುದಿಲ್ಲ, ಉಸಿರಾಡಿದರೂ ಕೆಮ್ಮು ಬರುತ್ತಿರಲಿಲ್ಲ. ಇದಕ್ಕಿಂತ ಸಾಧು ಗ್ಯಾಸ್ ಇಲ್ಲ ಅಂದುಕೊಂಡಿದ್ದೆವು. ವಾರಕ್ಕೆ ನಾಲ್ಕು ಫ್ರಿಡ್ಜ್, ಒಂದರಲ್ಲಿ 120 ಗ್ರಾಂ ಅಂತ ಹಿಡಿದರೂ ವರ್ಷಕ್ಕೆ ಸುಮಾರು 25 ಕೆ.ಜಿ. ಹೀಗೆ ಎಷ್ಟೋ ವರ್ಷ. ಆ ಲೆಕ್ಕವನ್ನು ನಾನು ಮೊದಲ ಸಲ ಹಾಕಿದ್ದು ಈಚೆಗೆ, ಮಗಳ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ. ಹಾಕಿ ಸುಮ್ಮನೆ ಕೂತೆ.

ಆರ್-12 ಓಝೋನ್ ಪದರವನ್ನು ಕೆಡಿಸುತ್ತದೆ ಅಂತ ಹೇಳಿಕೊಡುವ ಎರಡು ದಿನದ ತರಬೇತಿಯೊಂದಕ್ಕೆ ಕರೆದಿದ್ದಾಗ ನಾನು ಎದ್ದು ನಿಂತು ಒಂದು ಪ್ರಶ್ನೆ ಕೇಳಿದ್ದೆ: ಈ ಗ್ಯಾಸು ಗಾಳಿಗಿಂತ ನಾಲ್ಕು ಪಟ್ಟು ಭಾರ ಸಾರ್, ನೆಲದಲ್ಲೇ ಹರಡಿಕೊಳ್ಳಬೇಕಲ್ಲ, ಓಝೋನ್ ಪದರದ ತನಕ ಹೇಗೆ ಏರುತ್ತೆ? ಅವತ್ತು ಸರಿಯಾದ ಉತ್ತರ ಸಿಗಲಿಲ್ಲ. ಈಗ ಗೊತ್ತು. ಗಾಳಿ ಸುಮ್ಮನೆ ನಿಂತ ನೀರಲ್ಲ, ಕಡೆಯುವ ಮಜ್ಜಿಗೆ. ಭಾರದ್ದು ಹಗುರದ್ದು ಅಂತಿಲ್ಲದೆ ಎಲ್ಲವನ್ನೂ ಕಲಸಿಬಿಡುತ್ತದೆ. ಅದಕ್ಕಿಂತ ಮುಖ್ಯವಾದ ಮಾತು, ಕೆಳಗಿನ ಗಾಳಿ ಮೇಲಿನ ಪದರಕ್ಕೆ ಏರುವ ಬಾಗಿಲು ಇರುವುದೇ ನಮ್ಮಂಥ ಉಷ್ಣವಲಯದ ಆಕಾಶದಲ್ಲಿ. ಅಲ್ಲಿ ನಿಧಾನಕ್ಕೆ ಮೇಲೇರಿ, ವರ್ಷಗಟ್ಟಲೆ ತೆವಳಿಕೊಂಡು ಧ್ರುವಗಳ ಕಡೆ ಹೋಗಿ ಅಲ್ಲಿ ಇಳಿಯುತ್ತದೆ. ದಾರಿಯಲ್ಲಿ ಬಿಸಿಲಿನ ಅತಿನೇರಳೆ ಕಿರಣ ಆರ್-12ನ್ನು ಒಡೆದು ಕ್ಲೋರಿನ್ ಬಿಡಿಸುತ್ತದೆ. ಅಂಟಾರ್ಕ್ಟಿಕದ ಚಳಿಗಾಲದಲ್ಲಿ ಮೈನಸ್ 78 ಡಿಗ್ರಿಗಿಂತ ಕೆಳಗಿಳಿದಾಗ ಅಲ್ಲಿ ಒಂದು ಥರದ ಹಿಮದ ಮೋಡ ಕಟ್ಟುತ್ತದೆ. ಆ ಮೋಡದ ಕಣಗಳ ಮೈಮೇಲೆ ಕ್ಲೋರಿನ್ ಚುರುಕಾಗುತ್ತದೆ, ಸೂರ್ಯ ಬಂದ ಕೂಡಲೇ ಓಝೋನನ್ನು ತಿನ್ನಲು ಶುರುಮಾಡುತ್ತದೆ. ಮೈಸೂರಿನ ಒಂದು ಅಂಗಡಿಯ ಹಿಂಬದಿಯಲ್ಲಿ ಬಿಟ್ಟ ಗ್ಯಾಸು ಪೆಂಗ್ವಿನ್ನುಗಳ ನೆತ್ತಿಯ ಮೇಲೆ ತೂತು ಮಾಡಿತ್ತು. ಆರ್-12 ವಾತಾವರಣದಲ್ಲಿ ಸುಮಾರು ನೂರು ವರ್ಷ ಬಾಳುತ್ತದೆ. ನಾನು ಬಿಟ್ಟದ್ದರಲ್ಲಿ ಹೆಚ್ಚಿನ ಪಾಲು ಇನ್ನೂ ಮೇಲೆಯೇ ಇದೆ.

ಪದರ ಅಂದರೆ ಎಷ್ಟು ದಪ್ಪ ಅಂದುಕೊಂಡಿರಿ? ಹದಿನೈದರಿಂದ ಮೂವತ್ತೈದು ಕಿಲೋಮೀಟರ್ ಎತ್ತರದಲ್ಲಿ ಚೆದುರಿರುವ ಅಷ್ಟೂ ಓಝೋನನ್ನು ನೆಲಕ್ಕೆ ತಂದು, ಇಲ್ಲಿನ ಒತ್ತಡಕ್ಕೆ ಅಮುಕಿ ಹಾಸಿದರೆ ಮೂರು ಮಿಲಿಮೀಟರ್. ನಮ್ಮ ಮೈಸೂರಿನ ಮೇಲೆ ಇನ್ನೂ ಕಡಿಮೆ, ಎರಡೂವರೆಯಿಂದ ಎರಡೂ ಮುಕ್ಕಾಲು. ಓಝೋನ್ ಹೆಚ್ಚಾಗಿ ತಯಾರಾಗುವುದು ಉಷ್ಣವಲಯದ ಮೇಲೇ, ಆದರೆ ಗಾಳಿ ಅದನ್ನು ಧ್ರುವಗಳಿಗೆ ಸಾಗಿಸಿಬಿಡುತ್ತದೆ. ನಾನು ದಿನಾ ಕೈಯಲ್ಲಿ ಹಿಡಿಯುವ ಕ್ಯಾಪಿಲರಿ ಟ್ಯೂಬ್ ಹೆಚ್ಚುಕಮ್ಮಿ ಅಷ್ಟೇ ದಪ್ಪ. ಅಷ್ಟು ತೆಳುವಾದದ್ದು ನಮ್ಮ ಚರ್ಮವನ್ನು, ಕಣ್ಣನ್ನು, ಗದ್ದೆಯ ಪೈರನ್ನು ಕಾಯುತ್ತಿದೆ. ಮೂರು ಮಿಲಿಮೀಟರಿಗೆ ಮುನ್ನೂರು ಡಾಬ್ಸನ್ ಅಂತ ಲೆಕ್ಕ. ಈ ಅಳತೆಯ ಉಪಕರಣ ಮಾಡಿದ ಇಂಗ್ಲೆಂಡಿನ ಡಾಬ್ಸನ್ ಅವರ ಹೆಸರದು. ಆ ಉಪಕರಣ 1920ರ ದಶಕದಲ್ಲೇ ನಮ್ಮ ಪಕ್ಕದ ಕೊಡೈಕನಾಲಿಗೂ ಬಂದಿತ್ತು. ಆಮೇಲೆ ಬಲೂನಿಗೆ ಕಟ್ಟಿ ಹಾರಿಸುವ ಓಝೋನ್ ಅಳತೆಯ ಉಪಕರಣವನ್ನು ನಮ್ಮ ದೇಶದಲ್ಲೇ ರೂಪಿಸಿದವರು ಅನ್ನಾ ಮಣಿ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಮೇಲೆ ಕೆಲಸ ಮಾಡಿದ್ದ ಹೆಣ್ಣುಮಗಳು. ನನ್ನ ಮಗಳ ಮೇಜಿನ ಮೇಲೆ ಅವರ ಚಿತ್ರ ಇದೆ.

ಉಪಗ್ರಹ ಇದನ್ನು ಅಳೆಯುವ ರೀತಿ ತಿಳಿದಾಗ ನನಗೆ ಖುಷಿಯಾಯಿತು, ಅಷ್ಟು ನೇರ. ಭೂಮಿಯಿಂದ ಮೇಲಕ್ಕೆ ಮರಳುವ ಸೂರ್ಯನ ಬೆಳಕಿನಲ್ಲಿ ಅತಿನೇರಳೆಯ ಒಂದೆರಡು ಬಣ್ಣ ಆರಿಸಿಕೊಳ್ಳುತ್ತದೆ. ಒಂದನ್ನು ಓಝೋನ್ ಚೆನ್ನಾಗಿ ಹೀರುತ್ತದೆ, ಇನ್ನೊಂದನ್ನು ಅಷ್ಟಾಗಿ ಹೀರುವುದಿಲ್ಲ. ಎರಡರ ನಡುವೆ ಎಷ್ಟು ವ್ಯತ್ಯಾಸ ಬಂತೋ ಅದರಿಂದ ನಡುವೆ ಎಷ್ಟು ಓಝೋನ್ ಇತ್ತು ಅಂತ ತೆಗೆಯುತ್ತಾರೆ. 1978ರಲ್ಲಿ ಹಾರಿದ ನಿಂಬಸ್-7 ಉಪಗ್ರಹದ ಟಾಮ್ಸ್ ಎಂಬ ಉಪಕರಣ ಹೀಗೆ ಶುರುಮಾಡಿತು. 2004ರಲ್ಲಿ ಆರಾ ಉಪಗ್ರಹದ ಮೇಲೆ ಓಮಿ, 2017ರಲ್ಲಿ ಸೆಂಟಿನೆಲ್-5ಪಿ ಮೇಲೆ ಟ್ರೊಪೊಮಿ. ಓಮಿಯ ನಕ್ಷೆಯಲ್ಲಿ ಒಂದು ಚೌಕ 13 ಕಿಲೋಮೀಟರಿಗೆ 24 ಕಿಲೋಮೀಟರ್. ಮೈಸೂರಿನ ರಿಂಗ್ ರೋಡಿನ ಒಳಗಿರುವುದೆಲ್ಲ ಒಂದೇ ಬಣ್ಣದಲ್ಲಿ ಮುಗಿದುಹೋಗುತ್ತದೆ. ಟ್ರೊಪೊಮಿಯದು ಸುಮಾರು ಐದೂವರೆಗೆ ಮೂರೂವರೆ. ಅದರಲ್ಲಿ ಚಾಮುಂಡಿಬೆಟ್ಟ ಒಂದು ಚೌಕ, ಹೆಬ್ಬಾಳ ಇನ್ನೊಂದು ಚೌಕ.

ಆದರೆ ಓಝೋನಿನ ತೂತನ್ನು ಮೊದಲು ಜಗತ್ತಿಗೆ ಹೇಳಿದ್ದು ಉಪಗ್ರಹವಲ್ಲ. ಅಂಟಾರ್ಕ್ಟಿಕದ ಹ್ಯಾಲಿ ಬೇ ಎಂಬ ಕಡೆ ಬ್ರಿಟಿಷ್ ವಿಜ್ಞಾನಿಗಳು 1950ರ ದಶಕದಿಂದ ಅದೇ ಹಳೆಯ ಡಾಬ್ಸನ್ ಉಪಕರಣ ಇಟ್ಟುಕೊಂಡು ಅಳೆಯುತ್ತಿದ್ದರು. ಅಕ್ಟೋಬರಿನಲ್ಲಿ ಮುನ್ನೂರರ ಆಸುಪಾಸು ಇರುತ್ತಿದ್ದದ್ದು ಇನ್ನೂರಕ್ಕಿಂತ ಕೆಳಗಿಳಿದದ್ದನ್ನು ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ 1985ರ ಮೇ ತಿಂಗಳಲ್ಲಿ ಪ್ರಕಟಿಸಿದರು. ಆ ಹೊತ್ತಿಗೆ ಟಾಮ್ಸ್ ಕೂಡ ಅದನ್ನು ನೋಡಿತ್ತು. 180ಕ್ಕಿಂತ ಕಡಿಮೆ ಬಂದ ಅಂಕಿಗಳನ್ನು ಗಣಕ 'ಅನುಮಾನ' ಅಂತ ಗುರುತು ಹಾಕಿ ಪಕ್ಕಕ್ಕಿಟ್ಟಿತ್ತು. ಅದು ಉಪಕರಣದ ದೋಷವೋ ನಿಜವೋ ಅಂತ ನಾಸಾದವರು ಪರೀಕ್ಷಿಸುತ್ತಿದ್ದಾಗಲೇ ಹ್ಯಾಲಿ ಬೇ ಲೇಖನ ಬಂತು. ಅದೇ ವರ್ಷ ಪ್ರಾಗ್ ನಗರದ ಸಭೆಯಲ್ಲಿ ಉಪಗ್ರಹದ ನಕ್ಷೆಯನ್ನು ತೋರಿಸಿದವರು ಭಾರತ ಮೂಲದ ಪಿ.ಕೆ. ಭಾರ್ತಿಯಾ. ಹ್ಯಾಲಿ ಬೇ ಹೇಳಿದ್ದು ಒಂದು ಜಾಗದ ಮಾತು. ಅಂಟಾರ್ಕ್ಟಿಕ ಪೂರ್ತಿ ಹೀಗೇ ಆಗಿದೆ ಅಂತ ಕಣ್ಣಿಗೆ ಕಟ್ಟಿಸಿದ್ದು ಆ ನಕ್ಷೆ.

ಎರಡೇ ವರ್ಷಕ್ಕೆ, 1987ರ ಸೆಪ್ಟೆಂಬರ್ 16ರಂದು, ಓಝೋನ್ ತಿನ್ನುವ ಗ್ಯಾಸುಗಳನ್ನು ನಿಲ್ಲಿಸುವ ಮಾಂಟ್ರಿಯಲ್ ಒಪ್ಪಂದ ಆಯಿತು. ಭಾರತ 1992ರಲ್ಲಿ ಸೇರಿತು. 2008ಕ್ಕೆ ನಮ್ಮಲ್ಲಿ ಸಿಎಫ್‌ಸಿ, ಅಂದರೆ ಆರ್-12ರಂಥ ಗ್ಯಾಸುಗಳ ತಯಾರಿಕೆ ನಿಂತಿತು. ನಮ್ಮ ಅಂಗಡಿಗೆ ಮೊದಲು ಆರ್-134ಎ ಬಂತು, ಆಮೇಲೆ ಆರ್-600ಎ. ಅದು ಬೆಂಕಿ ಹಿಡಿಯುವ ಗ್ಯಾಸು, ಬ್ರೇಜಿಂಗ್ ಮಾಡುವಾಗ ಎಚ್ಚರ ಬೇಕು. ಕಷ್ಟವಾಯಿತು, ಹೊಸ ಗೇಜು, ಹೊಸ ಎಣ್ಣೆ, ಹೊಸ ಅಭ್ಯಾಸ. ಗ್ರಾಹಕರಿಂದ ಬೈಸಿಕೊಂಡೆವು, "ಹಳೇ ಗ್ಯಾಸೇ ಚೆನ್ನಾಗಿತ್ತು" ಅಂತ. ಆದರೂ ಬದಲಾದೆವು. ಅದರ ಫಲವನ್ನು ಮೇಲಿಂದ ಎಣಿಸಿದ್ದಾರೆ. ಆರಾ ಉಪಗ್ರಹದಲ್ಲಿರುವ ಎಂಎಲ್‌ಎಸ್ ಎಂಬ ಉಪಕರಣ ಅಣುಗಳು ತಾವೇ ಹೊಮ್ಮಿಸುವ ಮೈಕ್ರೋತರಂಗಗಳನ್ನು ಹಿಡಿಯುತ್ತದೆ, ಅದಕ್ಕೆ ಬಿಸಿಲೂ ಬೇಡ, ಧ್ರುವದ ಕತ್ತಲಲ್ಲೂ ನಡೆಯುತ್ತದೆ. 2005ರಿಂದ 2016ರ ಒಳಗೆ ಅಂಟಾರ್ಕ್ಟಿಕದ ಚಳಿಗಾಲದ ಓಝೋನ್ ನಾಶ ಸುಮಾರು ಶೇಕಡ 20 ಕಡಿಮೆಯಾಗಿದೆ, ಅದಕ್ಕೆ ಕಾರಣ ಕ್ಲೋರಿನ್ ಇಳಿದದ್ದೇ ಅಂತ ಅದರ ಅಳತೆಯಿಂದ ತೋರಿಸಿದರು. ಈಗಿನ ಹಾಗೇ ನಡೆದರೆ 2066ರ ಹೊತ್ತಿಗೆ ಅಂಟಾರ್ಕ್ಟಿಕದಲ್ಲಿ 1980ರ ಮಟ್ಟ ವಾಪಸ್ ಬರುತ್ತದಂತೆ, ನಮ್ಮ ಕಡೆಗೆಲ್ಲ 2040ಕ್ಕೇ. ಮಗಳು ಇದನ್ನು ಓದಿ ಹೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾವು ಗೇಜು ಬದಲಾಯಿಸಿದ್ದು ಏಳುನೂರು ಕಿಲೋಮೀಟರ್ ಮೇಲಿಂದ ಕಂಡಿದೆ ಅನ್ನುವುದು ಸಣ್ಣ ಮಾತಲ್ಲ.

ಅದೇ ಉಪಗ್ರಹಗಳು ನಮ್ಮೂರ ಹೊಗೆಯ ವಿಷಯದಲ್ಲಿ ಯಾಕೆ ತಡವರಿಸುತ್ತವೆ?

ಓಝೋನ್ ಒಂದೇ ವಸ್ತು, ಎಲ್ಲಿದ್ದರೂ ಅದೇ. ಕಣಗಳು ಹಾಗಲ್ಲ. ಕಬ್ಬಿನ ಹೊಗೆ, ರಸ್ತೆ ಧೂಳು, ಡೀಸೆಲ್ ಮಸಿ, ಸಮುದ್ರದ ಉಪ್ಪು, ಎಲ್ಲ ಕಲಸಿದ ಸಾರು. ವಿರ್ಸ್, ಅದರಂಥದ್ದೇ ಇನ್ನೊಂದು ಉಪಕರಣ ಮೋಡಿಸ್, ಇವು ಅಳೆಯುವುದು ಎಒಡಿ ಅಂತ ಒಂದು ಅಂಕಿ, ಅಂದರೆ ನೆಲದಿಂದ ಆಕಾಶದ ತನಕ ಇಡೀ ಗಾಳಿಯ ಮಸುಕು. ಅದು 1 ಇದ್ದರೆ ಸೂರ್ಯನ ನೇರ ಬೆಳಕಿನಲ್ಲಿ ಶೇಕಡ 37 ಮಾತ್ರ ಕೆಳಗೆ ಬರುತ್ತದೆ. 0.1 ಇದ್ದರೆ ಶುಭ್ರ ಆಕಾಶ. ಆದರೆ ಆ ಮಸುಕು ಅವ್ವನ ಮೂಗಿನ ಮಟ್ಟದಲ್ಲಿದೆಯೋ, ಮೂರು ಕಿಲೋಮೀಟರ್ ಮೇಲೆ ತೇಲುತ್ತಿದೆಯೋ ಅದು ಹೇಳುವುದಿಲ್ಲ. ಲೇಸರ್ ಬಿಟ್ಟು ಎತ್ತರ ಅಳೆಯುತ್ತಿದ್ದ ಕ್ಯಾಲಿಪ್ಸೋ ಉಪಗ್ರಹ 2006ರಿಂದ ದುಡಿದು 2023ರಲ್ಲಿ ನಿಂತಿತು. ಮಳೆಗಾಲದಲ್ಲಿ ಮೋಡ ಮುಚ್ಚಿಕೊಂಡು ವಾರಗಟ್ಟಲೆ ಏನೂ ಕಾಣದು. ಚಳಿಗಾಲದಲ್ಲಿ ನಾಲೆ ಬಯಲಿನ ತೇವಕ್ಕೆ ಕಣಗಳು ನೀರು ಹೀರಿ ಊದಿಕೊಳ್ಳುತ್ತವೆ, ಇದ್ದದ್ದಕ್ಕಿಂತ ಹೆಚ್ಚು ಮಸುಕು ತೋರುತ್ತದೆ.

ದಿನವಿಡೀ ನಮ್ಮನ್ನೇ ನೋಡುವ ಉಪಗ್ರಹವೂ ಇದೆ. ನಮ್ಮ ಇಸ್ರೋದ ಇನ್ಸಾಟ್-3ಡಿಆರ್, 36,000 ಕಿಲೋಮೀಟರ್ ಎತ್ತರದಲ್ಲಿ ನಿಂತು ಅರ್ಧ ಗಂಟೆಗೊಮ್ಮೆ ಚಿತ್ರ ತೆಗೆಯುತ್ತದೆ. ಅದನ್ನೆಲ್ಲ ನಡೆಸುವ ಕೇಂದ್ರ ಇರುವುದು ನಮ್ಮ ಹಾಸನದಲ್ಲಿ. ಒಂದು ಸಲ ಎಸಿ ಕೆಲಸಕ್ಕೆ ಹಾಸನಕ್ಕೆ ಹೋದಾಗ ಸಾಲಗಾಮೆ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಆ ದೊಡ್ಡ ಬಿಳಿ ಡಿಶ್‌ಗಳನ್ನು ದೂರದಿಂದ ನೋಡಿ ಬಂದಿದ್ದೆ. ಆದರೆ ಅಷ್ಟು ದೂರದಿಂದ ಶಾಖ ನೋಡುವ ಅದರ ಚೌಕ ನಾಲ್ಕು ಕಿಲೋಮೀಟರಿನದು. ಒಂದೂವರೆ ಎಕರೆಯ ಬೆಂಕಿ ಅದರೊಳಗೆ ಸಮುದ್ರಕ್ಕೆ ಹಾಕಿದ ಹುಣಸೆಹಣ್ಣು.

ಇನ್ನೊಂದು ನೋವಿನ ಸಂಗತಿ. ಪಕ್ಕದೂರಿನ ಒಂದು ಆಲೆಮನೆಯಲ್ಲಿ ಕೊಪ್ಪರಿಗೆಯ ಒಲೆಗೆ ಕಬ್ಬಿನ ಸಿಪ್ಪೆ ಸಾಲದೆ ಹಳೇ ಟೈರ್ ತುಂಡು ಹಾಕುವುದನ್ನು ನಾನೇ ಕಣ್ಣಾರೆ ನೋಡಿದೆ. ಸಿಪ್ಪೆಯ ಹೊಗೆ ಬೂದುಬಣ್ಣ, ಟೈರಿನ ಹೊಗೆ ಎಣ್ಣೆಗಪ್ಪು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮಂಡ್ಯದ ಬೆಲ್ಲ ಅಂದರೆ ಹೆಮ್ಮೆ ಪಡುವವನು ನಾನು. ಅವತ್ತು ಹೊಟ್ಟೆ ಉರಿಯಿತು. ಆ ಚಿಮಣಿಯಲ್ಲಿ ಯಾವ ಹೊತ್ತಿಗೆ ಸಿಪ್ಪೆ, ಯಾವ ಹೊತ್ತಿಗೆ ಟೈರು ಅಂತ ಯಾವ ಉಪಗ್ರಹ ತಿಳಿಸೀತು?

ಅಣ್ಣನ ಹತ್ತಿರ ಮಾತಾಡಿದೆ.

"ಸುಡ್ದೆ ಇನ್ನೇನ್ಲಾ ಮಾಡನ? ತರಗು ಬಳಿಯಾಕೆ ಆಳು ಎಲ್ಲವ್ರೆ? ಕಟ್ಟು ನೀರು ಬುಟ್ಟಾಗ ಕೂಳೆಗೆ ಹಾಯಿಸ್ಕಬೇಕು. ತರಗು ಅಂಗೇ ಇದ್ರೆ ನೀರು ಹರೀತದಾ?"

ಅವನ ಮಾತಿನಲ್ಲಿ ನ್ಯಾಯವಿದೆ. ನಮ್ಮ ಕೈಗೆ ಆರ್-134ಎ ಬಂದಮೇಲೆ ತಾನೇ ನಾವು ಆರ್-12 ಬಿಟ್ಟದ್ದು? ಅವನ ಕೈಗೂ ಏನಾದರೂ ಬರಬೇಕಲ್ಲ. ತರಗನ್ನು ಪುಡಿ ಮಾಡಿ ಸಾಲು ಬಿಟ್ಟು ಸಾಲು ಹಾಸುವ ಯಂತ್ರ ಬಾಡಿಗೆಗೆ ಸಿಗುವ ಕಡೆ ವಿಚಾರಿಸಿದೆ. ಬಾಡಿಗೆ ನಾನು ಕೊಡುತ್ತೇನೆ ಅಂದೆ. ಮುಂದಿನ ಕಟಾವಿಗೆ ಅರ್ಧ ಎಕರೆ ಬಿಟ್ಟು ನೋಡ್ತೀನಿ ಅಂದ, ಪೂರ್ತಿ ಒಪ್ಪಲಿಲ್ಲ. ಹಾಸಿದ ಕಡೆ ತೇವ ನಿಲ್ಲುತ್ತದೆ, ಕಳೆ ಕಮ್ಮಿ ಅಂತ ಮಗಳು ಹೇಳಿದ್ದನ್ನು ಮಾತ್ರ ಎರಡು ಸಲ ಕೇಳಿಸಿಕೊಂಡ.

ಮಗಳು ಇನ್ನೊಂದು ಕೆಲಸ ಕೊಟ್ಟಳು. "ದೊಡ್ಡಪ್ಪ, ಯಾರದ್ದೇ ಆಗಲಿ, ಬೆಂಕಿ ಹಚ್ಚಿದ ದಿನ, ಹೊತ್ತು, ಗಾಳಿ ಯಾವ ಕಡೆಗೆ, ಎಷ್ಟು ಹೊತ್ತಿಗೆ ಆರಿತು, ಇಷ್ಟು ಹೇಳಿ ಸಾಕು. ಯಾರ ಹೆಸರೂ ಬೇಡ." ಉಪಗ್ರಹಕ್ಕೆ ಕಂಡದ್ದು ಎಷ್ಟು, ತಪ್ಪಿಹೋದದ್ದು ಎಷ್ಟು ಅಂತ ಅವಳು ಪಕ್ಕಪಕ್ಕದಲ್ಲಿಟ್ಟು ನೋಡಬೇಕಂತೆ. ಅಣ್ಣ ಏನೂ ಹೇಳಲಿಲ್ಲ, ಟವೆಲ್ ಕೊಡವಿಕೊಂಡು ಎದ್ದುಹೋದ. ಆಗುವ ಮಾತಲ್ಲ ಅಂದುಕೊಂಡು ನಾವು ಮೈಸೂರಿಗೆ ಬಂದೆವು.

ಮೂರನೇ ದಿನ ರಾತ್ರಿ ಎಂಟೂವರೆಗೆ ಫೋನು.

"ಕೂಸಿಗೆ ಹೇಳ್ಲಾ, ಬರ್ಕಳ್ಳಿ. ಆರೂ ಕಾಲಿಗೆ ನಾಲೆ ಕೆಳಗ್ಲ ಗದ್ದೇಲಿ ಹಚ್ಚವ್ರೆ. ಗಾಳಿ ಪಡುವಲಿಂದ ಒಸಿ ಅದೆ. ಇನ್ನೂ ಉರೀತಾ ಅದೆ. ಆರದ್ಮೇಲೆ ಇನ್ನೊಂದಪ ಮಾಡ್ತೀನಿ."